ಗೊರಗುಂಟೆಪಾಳ್ಯದಲ್ಲಿ ಅಡ್ಡ ನಿಂತ ಗಾಡಿ

ನಾನು ಒಂದು ಮೋಟರ್‌ಸೈಕಲ್. ಮೈ ಕಪ್ಪು, ಟ್ಯಾಂಕಿನ ಎರಡೂ ಬದಿಗೆ ಕೆಂಪು ಗೀಟು. ಹುಟ್ಟಿದ್ದು ಒಂದು ದೊಡ್ಡ ಕಾರ್ಖಾನೆಯಲ್ಲಿ. ಹೊರಗೆ ಕಳಿಸುವ ಮೊದಲು ನನ್ನನ್ನು ಉಕ್ಕಿನ ಉರುಳೆಗಳ ಮೇಲೆ ನಿಲ್ಲಿಸಿ ಓಡಿಸಿ ನೋಡಿದರು. ಚಕ್ರ ಗಿರಗಿರನೆ ತಿರುಗಿತು, ಎಂಜಿನ್ನು ಕೂಗಿತು, ಎದುರಿನ ಗೋಡೆ ಮಾತ್ರ ಇದ್ದಲ್ಲೇ ಇತ್ತು. ಇದು ಬರೀ ಪರೀಕ್ಷೆ, ಹೊರಗೆ ನಿಜವಾದ ರಸ್ತೆ ಇರುತ್ತದೆ ಎಂದುಕೊಂಡೆ.

ಸ್ವಲ್ಪ ಕಾಲ ಇತ್ತು ಕೂಡ. ನನ್ನ ಮೊದಲ ಯಜಮಾನರು ಮುನಿವೆಂಕಟಪ್ಪ. ಮಲ್ಲೇಶ್ವರದ ಬೀದಿಗಳಿಗೆ ನೀರು ಬಿಡುವ ಕೆಲಸ ಅವರದು. ಊರು ಏಳುವ ಹೊತ್ತಿಗೆ ಅವರ ಅರ್ಧ ಕೆಲಸ ಮುಗಿದಿರುತ್ತಿತ್ತು. ಹಾಲಿನವರು, ಪೇಪರಿನವರು, ನಾವು. ಇಷ್ಟು ಜನ ಬಿಟ್ಟರೆ ರಸ್ತೆಯಲ್ಲಿ ಯಾರೂ ಇರುತ್ತಿರಲಿಲ್ಲ. ಮುನಿವೆಂಕಟಪ್ಪ ನನ್ನ ಮೇಲೆ ಕೂತರೆ ಹಳೆಯ ಭಜನೆಗಳನ್ನು ಗುನುಗುತ್ತಿದ್ದರು. ಬಿಸಿಲೇರಿ ವಾಹನಗಳು ಹೆಚ್ಚುವುದರೊಳಗೆ ನನ್ನನ್ನು ಮನೆಯ ನೆರಳಿಗೆ ಸೇರಿಸಿಬಿಡುತ್ತಿದ್ದರು. ಹಾಗಾಗಿ ಬೆಂಗಳೂರು ಎಂದರೆ ಏನೆಂದು ನನಗೆ ಬಹಳ ತಡವಾಗಿ ತಿಳಿಯಿತು.

ಅವರು ನಿವೃತ್ತರಾದಾಗ ನೆಲಮಂಗಲದಲ್ಲಿ ಟೈರಿನ ಅಂಗಡಿ ಇಟ್ಟಿದ್ದ ಗುರುಸಿದ್ದ ನನ್ನನ್ನು ಕೊಂಡ. ತನಗಲ್ಲ, ತಂಗಿಗೆ. ತಂಗಿ ದಾಕ್ಷಾಯಿಣಿ ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುತ್ತಿದ್ದಳು. ಅವಳ ಗಂಡ ಪರಶಿವ ಅದೇ ಪೀಣ್ಯದ ಪಂಪ್‌ಸೆಟ್ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ. ಮನೆ ಮತ್ತಿಕೆರೆಯಲ್ಲಿ. ಇಬ್ಬರೂ ಬೇರೆ ಬೇರೆ ಬಸ್ಸಿನಲ್ಲಿ ನೇತಾಡಿಕೊಂಡು ಹೋಗುವ ಬದಲು ಒಟ್ಟಿಗೆ ಗಾಡಿಯಲ್ಲಿ ಹೋಗಲಿ, ಹೀಗಾದರೂ ಅವರ ನಡುವೆ ನಾಲ್ಕು ಮಾತು ಬೆಳೆಯಲಿ ಎಂದು ಅಣ್ಣನ ಆಸೆ. ಕಾಗದ ಪತ್ರ ತಂಗಿಯ ಹೆಸರಿನಲ್ಲೇ ಮಾಡಿಸಿಕೊಟ್ಟ.

ಪರಶಿವ ನನ್ನನ್ನು ಸುತ್ತು ಹಾಕಿ ನೋಡಿದ. ಹಿಂದಿನ ಚಕ್ರಕ್ಕೆ ಕಾಲಿನಿಂದ ಒಂದು ಒದ್ದ.

"ನಿಮ್ಮಣ್ಣ ನಂಗೆ ಭಿಕ್ಷೆ ಹಾಕವ್ನೆ," ಎಂದ.

"ನಿಮ್ಗಲ್ಲ, ನಂಗೆ ಕೊಟ್ಟಿರೋದು," ಎಂದಳು ದಾಕ್ಷಾಯಿಣಿ.

ಆ ಮನೆಯಲ್ಲಿ ನನ್ನ ಬಾಳು ಶುರುವಾದದ್ದು ಹೀಗೆ.

ಮತ್ತಿಕೆರೆಯಿಂದ ಹೊರಟು ಯಶವಂತಪುರ ದಾಟಿದರೆ ಸಾಕು, ರಸ್ತೆ ಮುಗಿದು ಬರೀ ವಾಹನಗಳು ಉಳಿಯುತ್ತಿದ್ದವು. ಗೊರಗುಂಟೆಪಾಳ್ಯದ ಸಿಗ್ನಲ್ಲು ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿರಲಿಲ್ಲ. ಒಂದು ಮಾರು ಮುಂದೆ ಹೋಗುವುದು, ನಿಲ್ಲುವುದು. ಕ್ಲಚ್ಚು ಹಿಡಿ, ಗೇರು ಹಾಕು, ಅರ್ಧ ಬಿಡು, ಮತ್ತೆ ಹಿಡಿ, ಕಾಲೂರು. ಎಡಕ್ಕೆ ಬಸ್ಸಿನ ಹೊಗೆ ಕೊಳವೆ, ಬಲಕ್ಕೆ ಸಿಮೆಂಟಿನ ಲಾರಿ, ಮುಂದೆ ಆಟೋ, ಹಿಂದೆ ಯಾರದೋ ಮುಂದಿನ ಚಕ್ರ ನನ್ನ ನಂಬರ್ ಪ್ಲೇಟಿಗೆ ಗುದ್ದುತ್ತಾ ಇರುತ್ತಿತ್ತು. ಗಾಳಿ ಬೀಸಿದರೆ ಮಾತ್ರ ತಣ್ಣಗಾಗುವ ಎಂಜಿನ್ನು ನನ್ನದು. ಅಲ್ಲಿ ಗಾಳಿಯೇ ಇರಲಿಲ್ಲ. ಮೈಯೆಲ್ಲ ಕೆಂಡವಾಗಿ, ಕ್ಲಚ್ ಪ್ಲೇಟು ಸವೆದು ಸುಟ್ಟ ವಾಸನೆ ಬರುತ್ತಿತ್ತು. ಸುತ್ತ ಇದ್ದವರಲ್ಲಿ ಒಬ್ಬರಿಗೂ ಇನ್ನೊಬ್ಬರನ್ನು ಕಂಡರೆ ಆಗುತ್ತಿರಲಿಲ್ಲ. ಮೂತಿ ತೂರಿಸಲು ಜಾಗ ಕಂಡರೆ ನಾಲ್ಕು ಕಡೆಯಿಂದ ನುಗ್ಗುತ್ತಿದ್ದರು. ನನಗೂ ಅವರನ್ನು ಕಂಡರೆ ಆಗುತ್ತಿರಲಿಲ್ಲ.

ಗಂಡ ಹೆಂಡಿರ ಜಗಳ ಈ ವಾಹನಗಳ ಜೊತೆಗೇ ಚಲಿಸುತ್ತಿತ್ತು. ಚಕ್ರ ಉರುಳಿದಾಗ ಮಾತು, ನಿಂತಾಗ ಮೌನ. ಯಾಕೆಂದರೆ ನಿಂತಾಗ ಅಕ್ಕಪಕ್ಕದ ಹೆಲ್ಮೆಟ್ಟುಗಳಿಗೆಲ್ಲ ಕೇಳಿಸುತ್ತಿತ್ತು. ಎಂಜಿನ್ನಿನ ಸದ್ದು ಏರಿದ ಕೂಡಲೇ ಪರಶಿವ ಕುತ್ತಿಗೆ ಒಂದಿಷ್ಟು ಹೊರಳಿಸಿ ಶುರುಮಾಡುತ್ತಿದ್ದ.

"ನಿನ್ನೆ ಯಾಕೆ ಲೇಟು?"

"ಮಾಲು ಕಳ್ಸೋದಿತ್ತು. ನಮ್ಮ ಲೈನಿನೋರೆಲ್ಲ ಉಳ್ಕೊಂಡಿದ್ವಿ."

ಮುಂದಿನ ಬಸ್ಸು ಬ್ರೇಕು ಹಾಕುತ್ತಿತ್ತು. ನಾವೂ ನಿಲ್ಲುತ್ತಿದ್ದೆವು. ಇಬ್ಬರ ಬಾಯಿಗೂ ಬೀಗ. ಬಸ್ಸು ಅಲುಗಾಡಿದರೆ ಬಿಟ್ಟ ಕಡೆಯಿಂದಲೇ ಮತ್ತೆ.

"ಸೂಪರ್‌ವೈಸರ್ ಮಾಡವ್ರಂತೆ ನಿನ್ನ. ಸುಮ್ನೆ ಮಾಡ್ತಾರಾ?"

"ಸುಮ್ನೆ ಮಾಡ್ಲಿಲ್ಲ. ಕೆಲಸ ನೋಡಿ ಮಾಡಿದ್ರು."

"ಯಾವ್ ಕೆಲ್ಸ ಅಂತ ಕೇಳ್ದೆ."

ಅವಳ ಕೈ ಗಂಡನ ಹೆಗಲ ಮೇಲೆ ಎಂದೂ ಇರಲಿಲ್ಲ. ಸೀಟಿನ ಹಿಂದಿರುವ ನನ್ನ ಕಬ್ಬಿಣದ ಹಿಡಿಕೆಯ ಮೇಲೆ ಇರುತ್ತಿತ್ತು. ಅವನು ಇಂಥ ಮಾತಾಡಿದಾಗ ಆ ಹಿಡಿತ ಬಿಗಿಯಾಗುವುದು ನನಗೆ ಗೊತ್ತಾಗುತ್ತಿತ್ತು. ಉತ್ತರ ಬಾರದಿದ್ದರೆ ಪರಶಿವ ಇನ್ನೊಂದು ದಾರಿ ಹಿಡಿಯುತ್ತಿದ್ದ. ಕ್ಲಚ್ಚನ್ನು ಮೆಲ್ಲಗೆ ಬಿಡುವ ಬದಲು ಪಟ್ಟನೆ ಬಿಡುತ್ತಿದ್ದ. ನಾನು ಹಾರಿ ಜಿಗಿಯುತ್ತಿದ್ದೆ, ಅವಳು ಹಿಂದಕ್ಕೆ ವಾಲುತ್ತಿದ್ದಳು. ಮರುಗಳಿಗೆ ಬ್ರೇಕು. ಅವಳ ಹಣೆ ಅವನ ಹೆಲ್ಮೆಟ್ಟಿಗೆ ಬಡಿಯುತ್ತಿತ್ತು.

"ಟ್ರಾಫಿಕ್ಕು, ಏನ್ ಮಾಡ್ಲಿ?" ಎನ್ನುತ್ತಿದ್ದ.

ನೋಡಿದವರಿಗೆ ಟ್ರಾಫಿಕ್ಕೇ. ಅವನ ಎಡಗೈಯ ಬೆರಳುಗಳು ಏನು ಮಾಡುತ್ತಿದ್ದವೆಂದು ಗೊತ್ತಿದ್ದದ್ದು ನನಗೆ ಮತ್ತು ಅವಳಿಗೆ. ಅವಳನ್ನು ನೋಯಿಸಲು ಅವನು ನನ್ನನ್ನೇ ಬಳಸುತ್ತಿದ್ದ. ಕಬ್ಬಿಣಕ್ಕೆ ಬೇಡವೆನ್ನುವ ಹಕ್ಕಿಲ್ಲ. ಆದರೂ ಕೆಲವು ದಿನ ಬೇಕೆಂದೇ ಎಂಜಿನ್ ನಿಲ್ಲಿಸಿಬಿಡುತ್ತಿದ್ದೆ. ಹಿಂದಿನವರು ಹಾರ್ನು ಬಾರಿಸಿ ಅವನ ಮಾನ ಕಳೆಯುತ್ತಿದ್ದರು. ಅದಕ್ಕೂ ಬೈಗುಳ ಅವಳಿಗೇ ಬೀಳುತ್ತಿತ್ತು, ನಿಮ್ಮಣ್ಣನ ಗಾಡಿ ಎಂದು.

ಒಂದು ಸಂಜೆ ಕಾರ್ಖಾನೆ ಬಿಟ್ಟು ವಾಪಸಾಗುವಾಗ ಮಾತು ಅವಳ ತಾಯಿಯವರೆಗೂ ಹೋಯಿತು. ಸತ್ತುಹೋಗಿದ್ದ ಆ ಹೆಂಗಸಿನ ನಡತೆಯ ಬಗ್ಗೆ ಪರಶಿವ ಒಂದು ಮಾತು ಆಡಿದ. ನಾವು ಸಿಗ್ನಲ್ಲಿನ ಹತ್ತಿರ ನಟ್ಟನಡುವಿನ ಸಾಲಿನಲ್ಲಿದ್ದೆವು. ವಾಹನಗಳು ನಿಂತವು. ಮೊದಲ ಬಾರಿಗೆ ದಾಕ್ಷಾಯಿಣಿ ನಿಂತ ಹೊತ್ತಿನಲ್ಲಿ ಮಾತಾಡಿದಳು.

"ಇನ್ನೊಂದ್ಸಲ ಹೇಳಿ."

ಪಕ್ಕದ ಸ್ಕೂಟರಿನವನು ತಿರುಗಿ ನೋಡಿದ. ಪರಶಿವನ ಕಿವಿ ಕೆಂಪಾಯಿತು.

"ಇಳಿ," ಎಂದ ಹಲ್ಲು ಕಚ್ಚಿ. "ಬಾಯಿ ಜಾಸ್ತಿ ಆಯ್ತು. ಇಳಿದು ನಡ್ಕೊಂಡು ಬಾ."

ಅವಳು ಬೇಡಿಕೊಳ್ಳುತ್ತಾಳೆಂದು ಅವನು ಎಣಿಸಿದ್ದ. ಅವಳು ಇಳಿದಳು. ಊಟದ ಚೀಲ ಹೆಗಲಿಗೆ ಹಾಕಿಕೊಂಡು, ಲಾರಿ ಬಸ್ಸುಗಳ ಸಂದಿನಲ್ಲಿ ನಡೆಯತೊಡಗಿದಳು. ಸಾಲು ಸರಿದಾಗ ನಾವು ಅವಳನ್ನು ಹಿಡಿದೆವು. ಸಾಲು ನಿಂತಾಗ ಅವಳು ನಮ್ಮನ್ನು ದಾಟಿದಳು. ಪರಶಿವ ಮತ್ತೆ ನುಗ್ಗಿಸಿದ, ಮತ್ತೆ ನಿಲ್ಲಬೇಕಾಯಿತು, ಅವಳು ಮತ್ತೆ ಮುಂದಾದಳು. ಅವಳು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಪಕ್ಕದಲ್ಲಿದ್ದ ಆಟೋದವನಿಗೆ ಇಷ್ಟರಲ್ಲಿ ವಿಷಯ ಅರ್ಥವಾಗಿತ್ತು.

"ಏನ್ ಗುರುವೇ, ಆಯಮ್ಮನೇ ಫಸ್ಟ್ ಹೋಗ್ತಾವ್ರಲ್ಲ," ಎಂದ.

ನಾಲ್ಕು ಜನ ನಕ್ಕರು. ಪರಶಿವ ಹಾರ್ನಿನ ಮೇಲಿಟ್ಟ ಹೆಬ್ಬೆರಳನ್ನು ತೆಗೆಯಲಿಲ್ಲ. ಅವಳು ದೂರದಲ್ಲಿ ಒಂದು ಟೆಂಪೋದ ಹಿಂದೆ ಮರೆಯಾದಳು. ನಾವು ಸಿಗ್ನಲ್ಲು ದಾಟುವಷ್ಟರಲ್ಲಿ ಎಲ್ಲಿಯೂ ಇರಲಿಲ್ಲ. ಮನೆಗೂ ಬರಲಿಲ್ಲ. ಅವಳ ಲೈನಿನಲ್ಲೇ ಕೆಲಸ ಮಾಡುವ ನೂರ್‌ಜಾನ್ ಎಂಬ ಹೆಂಗಸಿನ ಮನೆಗೆ ಹೋಗಿದ್ದಳೆಂದು ಆಮೇಲೆ ತಿಳಿಯಿತು.

ಗುರುಸಿದ್ದ ಬಂದ. ಪಂಚಾಯಿತಿ ಮಾಡಲು ಬಂದಿರಬಹುದೆಂದು ಪರಶಿವ ಕುರ್ಚಿ ಹಾಕಿದ. ಗುರುಸಿದ್ದ ಕೂರಲಿಲ್ಲ. ತಂಗಿಯ ಬಟ್ಟೆಬರೆ ಗಂಟು ಕಟ್ಟಿ ನನ್ನ ಸೀಟಿಗೆ ಬಿಗಿದು, ಗೋಡೆಯ ಮೊಳೆಗೆ ನೇತುಹಾಕಿದ್ದ ಕೀ ತೆಗೆದುಕೊಂಡು ಹೊರಟುಬಿಟ್ಟ.

"ಗಾಡಿ ಮುಟ್ಟಿದ್ರೆ ಸುಮ್ನಿರಲ್ಲ," ಎಂದು ಪರಶಿವ ಬಾಗಿಲಿನಿಂದ ಕೂಗಿದ್ದು ಕೇಳಿಸಿತು.

ದಾಕ್ಷಾಯಿಣಿ ನೂರ್‌ಜಾನಳ ಮನೆಯ ಪಕ್ಕದಲ್ಲೇ ಒಂದು ಕೋಣೆ ಹಿಡಿದಳು. ಭಾನುವಾರಗಳಂದು ಅಣ್ಣ ಅವಳಿಗೆ ಖಾಲಿ ಸೈಟೊಂದರಲ್ಲಿ ಗಾಡಿ ಕಲಿಸಿದ. ಅವಳಿಗೆ ವೇಗದ ಭಯವಿರಲಿಲ್ಲ. ನಿಧಾನವೇ ಕಷ್ಟವಾಯಿತು. ಆಮೆಯಂತೆ ತೆವಳುವಾಗ ನಾನು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿ ಅವಳನ್ನು ಬೀಳಿಸುತ್ತಿದ್ದೆ.

"ಚಕ್ರ ನೋಡ್ಬೇಡ, ದೂರ ನೋಡು," ಎನ್ನುತ್ತಿದ್ದ ಗುರುಸಿದ್ದ. "ಕ್ಲಚ್ ಪೂರ್ತಿ ಬಿಡ್ಬೇಡ. ಕಾಲ್ ಬ್ರೇಕ್ ಮೇಲೆ ಒಂಚೂರು ಭಾರ ಇರ್ಲಿ."

ಮೊಣಕಾಲು ತರಚಿಕೊಂಡಳು. ನನ್ನ ಎಡಗಡೆಯ ಕನ್ನಡಿ ಒಡೆಯಿತು. ಅವಳು ಎದ್ದು, ಧೂಳು ಕೂಡ ಕೊಡವದೆ ಮತ್ತೆ ಕೂರುತ್ತಿದ್ದಳು. ಕೊನೆಗೆ ಕಲಿತಳು. ಲೈಸೆನ್ಸೂ ಆಯಿತು.

ಈಗಾದರೂ ನನಗೆ ಒಳ್ಳೆಯ ದಿನ ಬರುತ್ತದೆ, ಇವಳು ನನ್ನ ಮೈ ಸವರುತ್ತಾಳೆ ಎಂದು ನಾನು ಅಂದುಕೊಂಡಿದ್ದರೆ ಅದು ನನ್ನ ಹುಚ್ಚು. ದಾಕ್ಷಾಯಿಣಿ ನನ್ನನ್ನು ಒಂದು ದಿನವೂ ಪ್ರೀತಿಯಿಂದ ಮುಟ್ಟಲಿಲ್ಲ. ಎಣ್ಣೆ ಹಾಕಿಸುತ್ತಿದ್ದಳು, ಚೈನು ಬಿಗಿ ಮಾಡಿಸುತ್ತಿದ್ದಳು, ಅಷ್ಟೇ. ಅದೇ ರಸ್ತೆ, ಅದೇ ನುಗ್ಗಾಟ. ಮೋಟರ್‌ಸೈಕಲ್ಲಿನ ಮೇಲೆ ಹೆಂಗಸನ್ನು ಕಂಡು ಕೆಲವರು ಬೇಕೆಂದೇ ಅಡ್ಡ ಬರುತ್ತಿದ್ದರು. ಕೆಲವರು ಹಿಂದಿನಿಂದ ಹಾರ್ನು ಹೊಡೆದು ಹೆದರಿಸುತ್ತಿದ್ದರು. ಅವಳು ಯಾರಿಗೂ ದಾರಿ ಬಿಡುತ್ತಿರಲಿಲ್ಲ. ಮುಂದಿನ ಗಾಡಿಗೂ ನನ್ನ ಚಕ್ರಕ್ಕೂ ಒಂದು ಗೇಣು ಮಾತ್ರ ಅಂತರ ಇಟ್ಟುಕೊಂಡು, ಹುಬ್ಬು ಗಂಟಿಕ್ಕಿ ಹೋಗುತ್ತಿದ್ದಳು. ಮೂತಿ ತೂರಿಸಿದ ಕಾರೊಂದರ ಬಾಗಿಲಿಗೆ ನನ್ನ ಹ್ಯಾಂಡಲ್ಲಿನ ತುದಿಯಿಂದ ಉದ್ದಕ್ಕೂ ಗೀರು ಎಳೆದು ಹಿಂದಿರುಗಿ ನೋಡದೆ ಹೋದದ್ದೂ ಉಂಟು.

ಪರಶಿವ ಮತ್ತೆ ಕಾಣಿಸಿಕೊಂಡದ್ದು ಮಳೆಗಾಲ ಕಳೆದ ಮೇಲೆ. ತನ್ನ ಮೇಲಧಿಕಾರಿಯ ಬಿಳಿ ಸ್ಕೂಟರನ್ನು ಕೇಳಿಕೊಂಡು ತಂದಿದ್ದ. ಸಿಗ್ನಲ್ಲಿನ ಹತ್ತಿರ ನಿಂತಾಗ ಪಕ್ಕಕ್ಕೆ ಬಂದು ಸೇರಿಕೊಂಡ. ಮೊದಲು ಅವನು ವಾಹನಗಳು ನಿಂತಾಗ ಬಾಯಿ ಮುಚ್ಚುತ್ತಿದ್ದವನು. ಈಗ ನಿಂತಾಗ ಮಾತ್ರ ಬಾಯಿ ಬಿಡುತ್ತಿದ್ದ, ಎಲ್ಲರಿಗೂ ಕೇಳಲೆಂದು.

"ನೋಡಿ ಸಾರ್, ನನ್ ಹೆಂಡ್ತಿ. ಮನೆ ಬಿಟ್ಟು ಓಡ್ಹೋಗವ್ಳೆ. ಗಾಡಿನೂ ಎತ್ಕೊಂಡು ಹೋಗವ್ಳೆ."

ಜನ ನೋಡುತ್ತಿದ್ದರು. ಕೆಲವರ ಮುಖದಲ್ಲಿ ನಗು. ಅವಳಿಗೆ ಓಡಿಹೋಗಲು ಜಾಗವಿರಲಿಲ್ಲ. ಮುಂದೆ ಬಸ್ಸು, ಪಕ್ಕದಲ್ಲಿ ಅವನು. ಹಸಿರು ದೀಪ ಬೀಳುವವರೆಗೂ ಅವನ ಮಾತು ಕೇಳುತ್ತಾ ನಿಲ್ಲಬೇಕಿತ್ತು. ವಾರಕ್ಕೆ ಎರಡು ಮೂರು ದಿನ ಹೀಗೆ. ಅವಳು ಹೊತ್ತು ಬದಲಾಯಿಸಿ ನೋಡಿದಳು. ಅವನೂ ಬದಲಾಯಿಸಿದ.

ನೂರ್‌ಜಾನ್ ಅವಳನ್ನು ಒಂದು ಪೊಲೀಸ್ ಠಾಣೆಗೆ ಕರೆದುಕೊಂಡು ಹೋದಳು. ನಾನು ಗೇಟಿನ ಹತ್ತಿರ ನಿಂತಿದ್ದೆ. ಇಬ್ಬರೂ ಬೇಗ ಹೊರಗೆ ಬಂದರು.

"ಗಂಡ ಹೆಂಡ್ತಿ ವಿಷ್ಯ, ಮನೇಲಿ ಸರಿ ಮಾಡ್ಕೊಳಿ ಅಂದ್ಬಿಟ್ರಲ್ಲ," ಎಂದಳು ನೂರ್‌ಜಾನ್. "ಹೊಡ್ದಿಲ್ಲ ಬಡ್ದಿಲ್ಲ, ನೋಡ್ದೋರು ಯಾರು ಅಂತ ಬೇರೆ ಕೇಳ್ತಾರೆ."

"ಇಡೀ ರೋಡ್ ನೋಡಿದೆ," ಎಂದಳು ದಾಕ್ಷಾಯಿಣಿ. "ಆದ್ರೆ ಯಾರ್ ಬಂದ್ ಹೇಳ್ತಾರೆ?"

ಆ ದಿನಗಳಲ್ಲಿ ಗೊರಗುಂಟೆಪಾಳ್ಯದ ಈಚೆಗೆ ರಸ್ತೆ ಅಗೆದಿದ್ದರು. ಬಲಕ್ಕೆ ಎತ್ತರದ ತಗಡಿನ ಗೋಡೆ, ಎಡಕ್ಕೆ ಬಾಯಿ ತೆರೆದ ಮೋರಿ, ನಡುವೆ ಒಂದು ಬಸ್ಸು ಹೋಗುವಷ್ಟೇ ಅಗಲ. ಅದರೊಳಗೆ ಹೊಕ್ಕ ಮೇಲೆ ಹಿಂದಕ್ಕೂ ಇಲ್ಲ, ಪಕ್ಕಕ್ಕೂ ಇಲ್ಲ. ಒಂದು ಸಂಜೆ ಅಲ್ಲಿ ಎಲ್ಲ ನಿಂತಿತ್ತು. ನನ್ನ ಹಿಂದೆ ಒಂದು ಗೂಡ್ಸ್ ಆಟೋ, ಅದರ ಹಿಂದೆ ಪರಶಿವನ ಬಿಳಿ ಸ್ಕೂಟರು. ಅವನು ಸ್ಕೂಟರಿಗೆ ಸ್ಟ್ಯಾಂಡು ಹಾಕಿ, ಇಳಿದು, ಸಂದಿಯಲ್ಲಿ ನಡೆದು ಬಂದ. ಅವಳು ನೋಡುವಷ್ಟರಲ್ಲಿ ನನ್ನ ಮೇಲೆ ಕೈ ಬಿದ್ದಿತ್ತು. ಕೀ ಕಿತ್ತ. ಎಂಜಿನ್ ಸತ್ತಿತು. ಅವಳು ಅವನ ಕೈ ಹಿಡಿಯಲು ಹೋದಳು; ಅವನು ದಬ್ಬಿದ. ನಾನು ಅವಳ ಮೇಲೆಯೇ ವಾಲಿ ಬಿದ್ದೆ. ನನ್ನ ಸುಡುವ ಸೈಲೆನ್ಸರು ಅವಳ ಮೀನಖಂಡಕ್ಕೆ ತಾಗಿತು. ಚೂಡಿದಾರ ಸುಟ್ಟ ವಾಸನೆ ಬಂತು.

ಅವನು ಕೀಯನ್ನು ಮೋರಿಗೆ ಎಸೆದ.

"ಈಗ ಓಡ್ಸು ನಿಮ್ಮಣ್ಣನ ಗಾಡಿನ," ಎಂದು ವಾಪಸು ನಡೆದು ಸ್ಕೂಟರಿನ ಮೇಲೆ ಕೂತ.

ಅವಳು ನನ್ನನ್ನು ತಳ್ಳಿಕೊಂಡು ಅಂಚಿಗೆ ಹೋಗುತ್ತಾಳೆ, ತಾನು ಪಕ್ಕದಲ್ಲಿ ಹಾಯ್ದು ಮನೆಗೆ ಹೋಗಬಹುದು ಎಂದು ಅವನ ಲೆಕ್ಕ. ಅಷ್ಟರಲ್ಲಿ ಮುಂದಿನ ಸಾಲು ಸರಿಯಿತು. ನಮ್ಮ ಮುಂದೆ ರಸ್ತೆ ಬರಿದಾಯಿತು. ಹಿಂದಿನಿಂದ ಹಾರ್ನುಗಳು ಶುರುವಾದವು. ದಾಕ್ಷಾಯಿಣಿ ನನ್ನನ್ನು ಎತ್ತಿದಳು. ಅವಳ ಎಡಗೈ ಮಣಿಕಟ್ಟು ಊದಿಕೊಳ್ಳುತ್ತಿತ್ತು. ನನ್ನ ಮೂತಿಯನ್ನು ತಗಡಿನ ಗೋಡೆಯ ಕಡೆಗೆ ತಿರುಗಿಸಿದಳು. ಬಾಲ ಮೋರಿಯ ಕಡೆಗೆ. ಎರಡೂ ಕಡೆ ಉಳಿದ ಜಾಗದಲ್ಲಿ ಒಬ್ಬ ಮನುಷ್ಯ ನಡೆದು ಹೋಗಬಹುದಿತ್ತು, ಗಾಡಿ ಹೋಗುವಂತಿರಲಿಲ್ಲ. ದೊಡ್ಡ ಸ್ಟ್ಯಾಂಡು ಹಾಕಿ, ನನ್ನ ಸೀಟಿನ ಮೇಲೆ ಹಿಂದಿನವರಿಗೆ ಮುಖ ಮಾಡಿ ಕೂತಳು.

ಬೈಗುಳ ಮಳೆಯಂತೆ ಬಿತ್ತು. ಗೂಡ್ಸ್ ಆಟೋದವನು ಇಳಿದು ಬಂದ.

"ಏನಮ್ಮ, ತಲೆ ಕೆಟ್ಟಿದ್ಯಾ? ಸೈಡಿಗ್ ಹಾಕು."

"ಕೀ ಇಲ್ಲ."

"ತಳ್ಳು, ನಾನೂ ಕೈ ಹಾಕ್ತೀನಿ."

"ಮುಟ್ಟಬೇಡಿ." ಅವಳ ದನಿ ಏರಲಿಲ್ಲ. "ನನ್ನ ಕೀ ಕಿತ್ತು ಮೋರಿಗೆ ಎಸ್ದೋನು ಅಲ್ಲಿ ಕೂತವ್ನೆ ನೋಡಿ, ಬಿಳಿ ಸ್ಕೂಟರು, ನೀಲಿ ಶರಟು. ನನ್ನ ಕೆಡವಿದ್ದೂ ನೀವು ನೋಡಿದೀರ. ಅವ್ನು ತಂದುಕೊಡ್ಲಿ. ಕೊಟ್ಟ ತಕ್ಷಣ ಹೋಗ್ತೀನಿ."

ಬಸ್ಸಿನ ಚಾಲಕ ಇಳಿದು ಬಂದ. ಹೆಲ್ಮೆಟ್ಟುಗಳು ಸುತ್ತುಗಟ್ಟಿದವು. ಬೆದರಿಸಿದರು, ವಿಡಿಯೋ ತೆಗೆದರು, ಹೊಲಸು ಮಾತಾಡಿದರು. ಒಬ್ಬ ನನ್ನ ಹ್ಯಾಂಡಲ್ಲು ಹಿಡಿದು ಎಳೆದ. ಅವಳು ಕೂತಲ್ಲಿಂದಲೇ ತನ್ನ ಹೆಲ್ಮೆಟ್ಟಿನಿಂದ ಅವನ ಬೆರಳಿಗೆ ಕುಟ್ಟಿದಳು. ಅವನು ಕೈ ಕೊಡವಿಕೊಂಡು ಹಿಂದೆ ಸರಿದ. ಅವಳ ಕಾಲಿನ ಸುಟ್ಟ ಜಾಗದಿಂದ ನೀರು ಇಳಿಯುತ್ತಿತ್ತು. ಒಬ್ಬರೂ ಅದರ ಬಗ್ಗೆ ಕೇಳಲಿಲ್ಲ.

ಆದರೆ ಎಲ್ಲರಿಗೂ ಮನೆಗೆ ಹೋಗಬೇಕಿತ್ತು. ಈ ಹೆಂಗಸು ಏಳುವುದಿಲ್ಲ ಎಂದು ಖಚಿತವಾದಾಗ ಅವರ ಸಿಟ್ಟು ಮೆಲ್ಲಗೆ ಹಿಂದಕ್ಕೆ ತಿರುಗಿತು. ನ್ಯಾಯ ನೋಡಿ ತಿರುಗಿದ್ದಲ್ಲ, ಹಸಿವಾಗಿ ತಿರುಗಿದ್ದು. ನನಗೆ ಅದು ಸ್ಪಷ್ಟವಾಗಿ ಕಂಡಿತು.

"ಲೇ ನೀಲಿ ಶರಟು, ಬಾರೋ ಇಲ್ಲಿ," ಎಂದ ಬಸ್ಸಿನ ಚಾಲಕ.

ಪರಶಿವ ಸ್ಕೂಟರು ತಿರುಗಿಸಲು ನೋಡಿದ. ಹಿಂದೆ ಬಸ್ಸಿನ ಮೂತಿ ಅದರ ಹಿಂಬದಿಗೆ ತಾಗಿಕೊಂಡಿತ್ತು. ಬಿಟ್ಟು ಓಡಿಹೋಗಲು ಅದು ಅವನ ಸ್ಕೂಟರಲ್ಲ, ಮೇಲಧಿಕಾರಿಯದು. ಜನ ಅವನ ತೋಳು ಹಿಡಿದು ಮುಂದಕ್ಕೆ ತಂದರು. ಅವನು ತಾನು ಗಂಡ ಎಂದ. ಹೆಂಡತಿ ನಡತೆಗೆಟ್ಟವಳು ಎಂದ. "ಅದ್ನೆಲ್ಲ ಆಮೇಲ್ ಹೇಳೋ, ಮೊದ್ಲು ಇಳಿಯೋ," ಎಂದು ಗೂಡ್ಸ್ ಆಟೋದವನು ಅವನನ್ನು ಮೋರಿಯ ಅಂಚಿಗೆ ದಬ್ಬಿದ.

ಪರಶಿವ ಇಳಿದ. ಮಂಡಿಯವರೆಗೆ ಕಪ್ಪು ನೀರು. ಮೇಲೆ ಸಾಲಾಗಿ ನಿಂತವರು ಮೊಬೈಲಿನ ದೀಪ ಬಿಟ್ಟು, ಅಲ್ಲಿ ನೋಡು ಇಲ್ಲಿ ನೋಡು ಎಂದು ಗದರಿಸುತ್ತಿದ್ದರು. ಅವನು ಕೈ ಹಾಕಿ ತಡಕಿದ. ಪ್ಲಾಸ್ಟಿಕ್ಕು, ಚಿಂದಿ, ಒಡೆದ ಬಾಟಲಿ ಸಿಕ್ಕಿದವು. ಅಂಗೈ ಕೊಯ್ದುಕೊಂಡ. ಆಗ ಸಂಚಾರ ಪೊಲೀಸಿನವರೊಬ್ಬರು ವಾಹನಗಳ ನಡುವೆ ಕಷ್ಟಪಟ್ಟು ನಡೆದು ಬಂದರು. ಪರಶಿವ ಅವರನ್ನು ನೋಡಲಿಲ್ಲ. ಅವನು ನೋಡಿದ್ದು ನನ್ನ ಸೀಟಿನ ಮೇಲೆ ಅಲುಗಾಡದೆ ಕೂತಿದ್ದ ಹೆಂಡತಿಯನ್ನು.

"ಮೇಲಕ್ ಬಂದು ಕೊಂದೇ ಹಾಕ್ತೀನಿ ನಿನ್ನ," ಎಂದ. "ಇವತ್ತಲ್ದಿದ್ರೆ ನಾಳೆ. ಇದೇ ರೋಡಲ್ಲಿ ಲಾರಿ ಕೆಳಗ್ ಹಾಕ್ತೀನಿ."

ಪೊಲೀಸಿನವರು ನಿಂತರು. ದಾಕ್ಷಾಯಿಣಿ ಸೀಟಿನಿಂದ ಇಳಿದಳು.

"ಕೇಳಿಸ್ತಲ್ಲ ಸಾರ್," ಎಂದಳು. "ಈಗ ಗಾಡಿ ತೆಗೀಬೋದು."

ನನ್ನನ್ನು ನಾಲ್ವರು ಎತ್ತಿ ತಗಡಿನ ಗೋಡೆಗೆ ಒರಗಿಸಿದರು. ಯಾರೂ ಅವಳಿಗೆ ಒಂದು ಒಳ್ಳೆಯ ಮಾತು ಹೇಳಲಿಲ್ಲ. ಹೋಗುವಾಗಲೂ ಹಾರ್ನು ಹೊಡೆದು ಬೈದುಕೊಂಡೇ ಹೋದರು. ಗೂಡ್ಸ್ ಆಟೋದವನು ಮಾತ್ರ ಪೊಲೀಸಿನವರಿಗೆ ತನ್ನ ಹೆಸರು ಹೇಳಿ, ಕೀ ಕಿತ್ತದ್ದು ತಾನು ನೋಡಿದ್ದೇನೆ ಎಂದ. ಅದೂ ಗೊಣಗಿಕೊಂಡೇ.

ಅಂದು ನನ್ನನ್ನು ಠಾಣೆಯ ಹಿತ್ತಲಿಗೆ ಸಾಗಿಸಿದರು. ಗಾಡಿ ತನ್ನದೆಂದು ಪರಶಿವ ತಕರಾರು ಹಾಕಿದ. ಕೇಸು ಮುಗಿಯುವವರೆಗೆ ಇಲ್ಲಿಯೇ ಇರಲಿ ಎಂದಾಯಿತು. ಮೊದಲ ಮಳೆಗೆ ಚೈನು ತುಕ್ಕು ಹಿಡಿಯಿತು. ಮುಂದಿನ ಬೇಸಿಗೆಗೆ ಟೈರು ಬಿರಿಯಿತು. ಸೀಟನ್ನು ಇಲಿಗಳು ಬಗೆದವು. ಸುತ್ತ ನನ್ನಂಥವೇ ಗಾಡಿಗಳು, ಅಪಘಾತದವು, ಕಳ್ಳತನದವು. ಚಕ್ರದ ಕಡ್ಡಿಗಳ ನಡುವೆ ಬಳ್ಳಿ ಹಬ್ಬಿ ನಮ್ಮೆಲ್ಲರನ್ನೂ ಒಂದಕ್ಕೊಂದು ಕಟ್ಟಿಹಾಕಿತು. ಅವಳು ಬಂದು ಬಿಡಿಸಿಕೊಂಡು ಹೋಗುತ್ತಾಳೆ ಎಂದು ನಾನು ಕಾದೆ. ಅವಳ ಜೀವ ಉಳಿಸಲು ಅಡ್ಡ ನಿಂತವನು ನಾನಲ್ಲವೇ ಎಂಬ ಜಂಬ ನನಗೆ.

ಅವಳು ಬಂದಳು, ಕೋರ್ಟಿನ ಆದೇಶ ಹಿಡಿದುಕೊಂಡು. ಕೂದಲಲ್ಲಿ ಅಲ್ಲಲ್ಲಿ ಬಿಳಿ ಬಂದಿತ್ತು. ಮುಖ ಸ್ವಲ್ಪ ತುಂಬಿಕೊಂಡಿತ್ತು. ಜೊತೆಗಿದ್ದ ಹೆಡ್ ಕಾನ್‌ಸ್ಟೇಬಲ್ ಬಳ್ಳಿ ಸರಿಸಿ ನನ್ನ ನಂಬರು ನೋಡಿದರು.

"ಇದೇ ಕಣಮ್ಮ ನಿಮ್ದು. ಎಂಜಿನ್ ಗಟ್ಟಿ ಇದೆ. ರಿಪೇರಿ ಮಾಡಿಸಿದ್ರೆ ಓಡತ್ತೆ. ಆ ಮನುಷ್ಯ ಶಿಕ್ಷೆ ಮುಗಿಸ್ಕೊಂಡು ಊರು ಬಿಟ್ಟ ಅಂತ ಕೇಳ್ದೆ. ಇನ್ನೇನ್ ಭಯ, ತಗೊಂಡ್ ಹೋಗಿ."

ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ಸೀರೆಯ ನೆರಿಗೆ ಗಾಳಿಗೆ ಸರಿದಾಗ ಮೀನಖಂಡದ ಮೇಲಿನ ಹೊಳೆಯುವ ಕಲೆ ಕಂಡಿತು. ನನ್ನದೇ ಗುರುತು.

"ಬೇಡ ಸಾರ್," ಎಂದಳು. "ಗುಜರಿಗೆ ಹಾಕ್ಬಿಡಿ. ಸೈನ್ ಎಲ್ಲಿ ಹಾಕ್ಲಿ?"

"ಅಣ್ಣ ಕೊಟ್ಟಿದ್ದು ಅಂದಿದ್ರಿ?"

"ಅಣ್ಣಂಗೆ ಹೇಳಿದೀನಿ. ಇದರ ಮೇಲೆ ಕೂತ ಒಂದ್ ದಿನಾನೂ ನಾನು ನೆಮ್ಮದಿಯಾಗಿರ್ಲಿಲ್ಲ. ಕಣ್ಣ್ ಮುಂದೆ ಇರೋದು ಬೇಡ."

ಸಹಿ ಹಾಕಿದಳು, ಹೋದಳು. ಗೇಟು ದಾಟುವಾಗ ಯಾರದೋ ಫೋನು ಬಂತು. ನಗುತ್ತಾ ಮಾತಾಡಿದಳು. ಅವಳ ನಗು ನಾನು ಕೇಳಿದ್ದು ಅದೇ ಮೊದಲು.

ಕೆಲವು ದಿನ ನನಗೆ ಸಿಟ್ಟಿತ್ತು. ಪರಶಿವ ಒದ್ದಾಗಲೂ ಬರದಷ್ಟು ಸಿಟ್ಟು. ಆಮೇಲೆ ಬಿಸಿಲಲ್ಲಿ ನಿಂತು ಯೋಚಿಸಿದೆ. ಅವಳನ್ನು ಹಿಂದಕ್ಕೆ ವಾಲಿಸಿದ್ದು ನನ್ನ ಜಿಗಿತ. ಅವಳ ಕಾಲು ಸುಟ್ಟಿದ್ದು ನನ್ನ ಮೈ. ಯಾರ ಕೈಯಿಂದಲೇ ಆಗಲಿ, ನೋವು ಅವಳನ್ನು ಮುಟ್ಟಿದ್ದು ನನ್ನ ಮೂಲಕ. ಅಡ್ಡ ನಿಂತದ್ದು ಕೂಡ ಅವಳೇ, ನಾನಲ್ಲ. ನನ್ನನ್ನು ಸ್ಟ್ಯಾಂಡಿಗೆ ಹಾಕಿದ್ದಷ್ಟೆ. ನನ್ನನ್ನು ಪ್ರೀತಿಸಬೇಕೆಂದು ಅವಳಿಗೆ ಯಾವ ಬಲವಂತವೂ ಇರಲಿಲ್ಲ.

ಇಂದು ಬೆಳಿಗ್ಗೆ ಗುಜರಿಯವನು ಬಂದು ನನ್ನ ಟ್ಯಾಂಕಿನ ಮೇಲೆ ಸೀಮೆಸುಣ್ಣದಿಂದ ಒಂದು ಗುರುತು ಹಾಕಿ ಹೋದ. ನಾಳೆ ಕರಗಿಸುವ ಕಡೆಗೆ ಹೋಗುತ್ತೇನಂತೆ. ಹೋಗಲಿ. ಕರಗಿದ ಕಬ್ಬಿಣದಿಂದ ಕಿಟಕಿಯ ಸರಳು ಮಾಡುತ್ತಾರೋ, ಸೌದೆ ಒಲೆ ಮಾಡುತ್ತಾರೋ ತಿಳಿಯದು. ಕೇಳುವವರಿದ್ದರೆ ಒಂದೇ ಮಾತು ಹೇಳುತ್ತಿದ್ದೆ: ಇನ್ನೊಬ್ಬರ ಕೈ ತಿರುಗಿಸಿದತ್ತ ತಿರುಗುವಂಥ ಏನನ್ನೂ ನನ್ನಿಂದ ಮಾಡಬೇಡಿ.